ಅಕ್ಷರದ ತಲೆಯ ಮೇಲಿನ ಬುತ್ತಿ

ಕಳೆದ ವಾರ ಅಕ್ಕಲಕೋಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಒಣಕೊಬ್ಬರಿಯ ಭಾವ ಮಾಡುತ್ತ ನಿಂತಿದ್ದೆ. ಅಂಗಡಿಯವರು ಪಕ್ಕದ ಗಿರಾಕಿಗೆ ಜ್ಯೇಷ್ಠಮಧುವಿನ ಕಡ್ಡಿ ತೂಗಿ ಕೊಡಲು ಡಬ್ಬಿಯ ಮುಚ್ಚಳ ತೆಗೆದರು. ಮಣ್ಣು ಹತ್ತಿದ ಬೇರಿನ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಚೌಕಾಸಿ ಅಲ್ಲಿಗೇ ನಿಂತಿತು. ಅವರು ಹೇಳಿದಷ್ಟೇ ಕೊಟ್ಟು ಹೊರಗೆ ಬಂದೆ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ.

ಅದು ನಮ್ಮ ಓಣಿಯ ಕಾಕಾನ ವಾಸನೆ. ಅವರು ನನ್ನ ಅಂಗಡಿಗೆ ಬರುತ್ತಿದ್ದ ಐದಾರು ತಿಂಗಳು ಅವರ ಅಂಗಿಯ ಕಿಸೆಯಲ್ಲಿ, ಅವರ ಮಾತಿನಲ್ಲಿ, ಅಲ್ಲಿ ಅವರು ಕೂಡುತ್ತಿದ್ದ ಸ್ಟೂಲಿನ ಸುತ್ತ ಅದೇ ಇರುತ್ತಿತ್ತು. ಗಂಟಲು ಕಟ್ಟಿದೆ ಎಂದು ಆ ಕಡ್ಡಿ ಜಗಿಯುತ್ತಿದ್ದರು. ಬರೀ ಕಟ್ಟಿದ್ದಲ್ಲ ಅದು… ಆಗ ಯಾರಿಗೂ ಗೊತ್ತಿರಲಿಲ್ಲ.

ನಾನು ಅಕ್ಕಲಕೋಟೆಯ ತಹಸೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಟೈಪ್ ಮಷಿನ್ ಇಟ್ಟುಕೊಂಡು, ಬಂದವರ ಅರ್ಜಿ ಬಡಿದು ಮೇಲೆ ಬಂದವಳು. ಹತ್ತನೆಯ ತನಕ ಓದು. ಆಮೇಲೆ ಸೊಲ್ಲಾಪುರದ ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಕಂಪ್ಯೂಟರಿನ ಅಂಗಡಿ ಹಾಕಿದೆ. ಹೊಸದಾಗಿ ಅಂಗಡಿ ಹಾಕುವ ಹೆಣ್ಣುಮಕ್ಕಳು ಸಲಹೆ ಕೇಳಲು ಬಂದರೆ ಇವತ್ತಿಗೂ ಒಂದೇ ಮಾತು ಹೇಳುತ್ತೇನೆ: ಮೊದಲು ‘ಆಗುತ್ತದೆ’ ಎನ್ನಿ, ಹೇಗೆ ಎಂಬುದನ್ನು ಆಮೇಲೆ ಹುಡುಕಿ. ಹಾಗೆಯೇ ಪುಣೆಯ ಒಂದು ಪ್ರಕಾಶನದವರು ಫೋನು ಮಾಡಿ ಜಪಾನಿ ಭಾಷೆಯ ಪಾಠಗಳನ್ನು ವೆಬ್ ಪುಟಕ್ಕೆ ಏರಿಸಿಕೊಡುತ್ತೀರಾ ಎಂದಾಗ, ಆ ಭಾಷೆಯ ಒಂದಕ್ಷರ ಗೊತ್ತಿಲ್ಲದ ನಾನು ಆಗುತ್ತದೆ ಎಂದುಬಿಟ್ಟೆ.

ಜಪಾನಿಗೆ ಹೋಗಿ ಅಲ್ಲಿಯ ಮುದುಕರ ಆರೈಕೆ ಮಾಡುವ ಹುಡುಗಿಯರಿಗಾಗಿ ಬರೆದ ಪಾಠಗಳು ಅವು. ಅವರಲ್ಲಿ ಚಿತ್ರದಂಥ ಅಕ್ಷರಗಳಿವೆ. ನೋಡಿದರೆ ಅರ್ಥ ತಿಳಿಯಬಹುದು, ಹೇಗೆ ಉಚ್ಚರಿಸಬೇಕೆಂದು ಅಕ್ಷರ ಹೇಳುವುದಿಲ್ಲ. ಆದ್ದರಿಂದ ಕಲಿಯುವವರಿಗಾಗಿ ಪ್ರತಿ ದೊಡ್ಡ ಅಕ್ಷರದ ತಲೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಉಚ್ಚಾರ ಬರೆಯುತ್ತಾರೆ. ವೆಬ್ ಪುಟದಲ್ಲಿ ಇದಕ್ಕೆ ಬೇರೆ ಗುರುತುಗಳಿವೆ. ಯಾವುದು ಕೆಳಗಿನ ಪದ, ಯಾವುದು ಮೇಲಿನ ಉಚ್ಚಾರ ಎಂದು ಒಂದೊಂದಕ್ಕೂ ಗುರುತು ಹಾಕುತ್ತ ಹೋಗಬೇಕು. ಗುರುತು ಹಾಕುವುದನ್ನು ಎರಡು ದಿನದಲ್ಲಿ ಕಲಿತೆ. ಆದರೆ ಉಚ್ಚಾರ ಹೇಳುವವರು ಸೊಲ್ಲಾಪುರದಲ್ಲಿ ಯಾರಿದ್ದಾರೆ?

ಮೂರು ಮನೆ ಆಚೆಗೇ ಇದ್ದರು. ಕಾಕಾ ಟವೆಲ್ ಕಾರಖಾನೆಯಲ್ಲಿ ಮಗ್ಗದ ಫಿಟರ್ ಆಗಿದ್ದವರು. ಅಕ್ಕಲಕೋಟೆ ಕಡೆಯ ಕರಜಗಿ ಊರಿನ ಕುರಿ ಕಾಯುವ ಮನೆತನ. ಅವರ ಕಾರಖಾನೆ ಜಪಾನಿನಿಂದ ಮಗ್ಗ ತರಿಸಿದಾಗ, ಬಿಚ್ಚಿ ಜೋಡಿಸುವುದನ್ನು ಕಲಿತು ಬರಲಿ ಎಂದು ಇವರನ್ನೇ ಒಂದೂವರೆ ವರ್ಷ ಅಲ್ಲಿಗೆ ಕಳಿಸಿತ್ತು. ಅಲ್ಲಿ ಬಾಡಿಗೆಗಿದ್ದ ಮನೆಯ ಮೊಮ್ಮಗಳ ಸಾಲೆಯ ಪುಸ್ತಕ ನೋಡಿ, ಆ ಸಣ್ಣ ಅಕ್ಷರಗಳ ಆಸರೆಯಿಂದ ದೊಡ್ಡವನ್ನು ಕಲಿತರಂತೆ. ಬಂದ ಮೇಲೂ ಬಿಡಲಿಲ್ಲ. ಮುಂಜಾನೆ ಅಂಗಳದಲ್ಲಿ ಹಲ್ಲು ತಿಕ್ಕುತ್ತ ಪದಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಓಣಿಯ ಮಂದಿ ‘ಜಪಾನ್ ರೇಡಿಯೋ ಸುರು ಆತು’ ಎಂದು ನಗುತ್ತಿದ್ದರು.

ಪುಟದ ಮೇಲಿನ ಈ ಗುರುತಿಗೆ ರೂಬಿ ಎನ್ನುತ್ತಾರೆ ಎಂದು ನಾನು ಹೇಳಿದಾಗ ಕಾಕಾ ತಲೆ ಅಲ್ಲಾಡಿಸಿದರು.

“ರೂಬಿ ಅಂದ್ರ ಮಾಣಿಕ ಅಲ್ಲೇನು ಮಗಳ? ನಮ್ಮಂಥಾವ್ರಿಗೆ ಮಾಣಿಕ ಎಲ್ಲಿದು. ಇದು ಬುತ್ತಿ. ನೋಡಿಲ್ಲೆ, ಅಕ್ಷರ ತಲಿ ಮ್ಯಾಲ ಬುತ್ತಿ ಹೊತ್ಕೊಂಡು ಹೊಲಕ್ಕ ಹೊಂಟದ.”

ಅವತ್ತಿನಿಂದ ನಮಗದು ಬುತ್ತಿಯೇ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಬಂದು, “ಇವತ್ತ ಎಷ್ಟ ಮಂದೀಗಿ ಬುತ್ತಿ ಕಟ್ಟೂದದ?” ಎನ್ನುತ್ತಿದ್ದರು. ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಅವರು ಒಂದೊಂದೇ ಪದ ಹೇಳುವುದು, ನಾನು ಕೇಳಿದಂತೆ ಗುಂಡಿ ಒತ್ತುವುದು. ಇಂಗ್ಲಿಷ್ ಅಕ್ಷರ ಒತ್ತಿದರೆ ಅದು ತಾನೇ ಅವರ ಸಣ್ಣ ಅಕ್ಷರವಾಗಿ ಕೂಡುತ್ತಿತ್ತು. ಒಮ್ಮೆ ನೆಗಡಿ ಎಂಬ ಪದ ಬಂತು. ದೊಡ್ಡ ಅಕ್ಷರ ಎರಡು. ನಾನು ಉಚ್ಚಾರವನ್ನು ಅರ್ಧ ಇದಕ್ಕೆ, ಅರ್ಧ ಅದಕ್ಕೆ ಹಂಚಲು ಹೋದೆ. ಕಾಕಾ ಕೈ ಹಿಡಿದರು.

“ಹರಿಬ್ಯಾಡ, ಹರಿಬ್ಯಾಡ. ಎರಡಕ್ಕೂ ಕೂಡಿ ಒಂದ ಉಚ್ಚಾರ ಅದ. ಕೂಡಿ ಉಣ್ಣೂ ಬುತ್ತಿ ಇದು.”

ನನ್ನ ಹಳೆಯ ಫೋನಿನಲ್ಲಿ ಪುಟ ತೆರೆದರೆ ಉಚ್ಚಾರ ತಲೆಯ ಮೇಲೆ ಏರದೆ ಪಕ್ಕದಲ್ಲಿ ಕಂಸದೊಳಗೆ ಬರುತ್ತಿತ್ತು. ನಾನು ಗಾಬರಿಯಾದರೆ ಅವರು ನಗುತ್ತಿದ್ದರು. “ಬುತ್ತಿ ಇಳಿಸಿ ಬಾಜೂಕ್ಕ ಇಟ್ಟಾನ. ದಣದಾನ ಪಾಪ.”

ದನಿ ಒಡೆಯುತ್ತಿತ್ತು. ಪದದ ನಡುವೆ ಕೆಮ್ಮುತ್ತಿದ್ದರು, ಕಡ್ಡಿ ಜಗಿದು ಮತ್ತೆ ಸುರು ಮಾಡುತ್ತಿದ್ದರು. ನಾನು ಚಹಾ ತರಿಸುತ್ತಿದ್ದೆ. ಅಷ್ಟೇ.

ಎಲ್ಲ ಪಾಠಗಳೂ ಮುಗಿದು ಪುಣೆಗೆ ಹೋದವು. ಹದಿನೈದು ದಿನಕ್ಕೆ ಅಲ್ಲಿಂದ ಪುಟಗಳೆಲ್ಲ ಕಾಗದದ ಮೇಲೆ ಅಚ್ಚಾಗಿ ಕೊರಿಯರ್‌ನಲ್ಲಿ ಬಂದವು. ಪುಟದ ತುಂಬ ಕೆಂಪು ಸುತ್ತುಗಳು. ಪಾಠ ತಪಾಸಣೆ ಮಾಡುವ ಮೇಡಮ್ ಫೋನು ಮಾಡಿ ಮರಾಠಿಯಲ್ಲಿ ಶುರು ಮಾಡಿದರು. ಎದೆಗೆ ಮುನೆ ಎನ್ನಬೇಕು, ನೀವು ಮುನಿ ಎಂದು ಹಾಕಿದ್ದೀರಿ. ಎಲುಬಿಗೆ ಹೊನೆ, ನಿಮ್ಮಲ್ಲಿ ಹೊನಿ. ನೆಗಡಿಗೆ ಕಜೆ, ನಿಮ್ಮಲ್ಲಿ ಕಜಿ. ತ್ಸುಮೆ ಎಂದರೆ ಉಗುರು, ತ್ಸುಮಿ ಎಂದರೆ ಪಾಪ. “ಅಜ್ಜನ ಉಗುರು ಕತ್ತರಿಸಿ ಅನ್ನೋ ಕಡೆ ಅಜ್ಜನ ಪಾಪ ಕತ್ತರಿಸಿ ಅಂತ ಬಂದಿದೆ, ತಾಈ!” ಕೊಯೆ ಎಂದರೆ ದನಿ. ನಮ್ಮ ಪುಟದಲ್ಲಿ ಕೊಯಿ. ಅದು ಒಂದು ಜಾತಿಯ ಮೀನು.

ಫೋನು ಇಟ್ಟು ಆ ಪದಗಳನ್ನು ನನ್ನ ಬಾಯಲ್ಲೇ ಆಡಿ ನೋಡಿದೆ. ಮನೆ ಎಂದು ಬರೆದು ಮನಿ ಎನ್ನುವವರು ನಾವು. ಸಾಲೆ ಎಂದು ಬರೆದು ಸಾಲಿ ಎನ್ನುತ್ತೇವೆ. ಪದದ ಕೊನೆಯ ‘ಎ’ ನಮ್ಮ ಬಾಯಲ್ಲಿ ತಾನಾಗಿ ‘ಇ’ ಆಗಿ ಇಳಿಯುತ್ತದೆ. ಕಾಕಾನ ಬಾಯಿ ಕರಜಗಿಯದು, ನನ್ನ ಕಿವಿಯೂ ಆ ಕಡೆಯದೇ. ಅವರಿಗೆ ಅಂದದ್ದು ತಿಳಿಯಲಿಲ್ಲ, ನನಗೆ ಕೇಳಿದ್ದು ತಿಳಿಯಲಿಲ್ಲ. ಬರೆದದ್ದನ್ನು ಅವರು ನೋಡಿದ್ದರೆ ಹಿಡಿಯುತ್ತಿದ್ದರು, ಆದರೆ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿತ್ತು. ಪುಸ್ತಕದ ದೊಡ್ಡ ಅಕ್ಷರ ಕಾಣುತ್ತಿದ್ದವು, ಪರದೆಯ ಮೇಲಿನ ಸಣ್ಣವು ಕಾಣುತ್ತಿರಲಿಲ್ಲ.

ಎಲ್ಲ ‘ಇ’ಗಳನ್ನೂ ಒಂದೇ ಏಟಿಗೆ ‘ಎ’ ಮಾಡಿಬಿಡೋಣವೆಂದರೆ ಅದೂ ಆಗದು. ನಿಜವಾಗಿಯೂ ‘ಇ’ ಇರುವ ಪದಗಳಿವೆ. ಕಿವಿಗೆ ಮಿಮಿ, ಕುತ್ತಿಗೆಗೆ ಕುಬಿ. ಸುತ್ತು ಹಾಕಿದ್ದು ಮೊದಲ ಕೆಲವು ಪಾಠಗಳಿಗೆ ಮಾತ್ರ. ಉಳಿದವನ್ನು ನೀವೇ ನೋಡಿಕೊಳ್ಳಿ ಎಂದಿದ್ದರು. ಒಂದೊಂದನ್ನೂ ಮತ್ತೆ ಕೇಳಬೇಕು.

ಮೇಡಮ್ ಇನ್ನೊಂದು ಮಾತನ್ನೂ ಹೇಳಿದ್ದರು. ತ್ರಾಸಾದರೆ ಬಿಡಿ, ಇಲ್ಲಿಯೇ ಸರಿ ಮಾಡಿಸುತ್ತೇವೆ, ಹಾಗಿದ್ದರೆ ಮುಂದಿನ ಪುಸ್ತಕಗಳೂ ಇಲ್ಲಿಯೇ ಆಗಲಿ. ಮುಂದಿನ ಪುಸ್ತಕಗಳು! ಸೊಲ್ಲಾಪುರದಲ್ಲಿ ಬೇರೆ ಯಾರಿಗೂ ಇಲ್ಲದ ಕೆಲಸ ಅದು. ನಾನು ತಕ್ಷಣ, “ಬೇಡ ಮೇಡಮ್, ಶನಿವಾರದೊಳಗೆ ನಾವೇ ಮಾಡಿ ಕೊಡುತ್ತೇವೆ” ಎಂದೆ.

ಅದು ಮಂಗಳವಾರ. ಮರುದಿನ ಕಾಕು, ಕಾಕಾನ ಹೆಂಡತಿ, ಅಂಗಡಿಗೆ ಬಂದರು. ಎಂದೂ ಬಂದವರಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕೂತರು.

“ಯವ್ವಾ, ದವಾಖಾನಿಯವರು ಸೋಮವಾರ ತಾರೀಖ ಕೊಟ್ಟಾರ. ಗಂಟ್ಲಾಗಿನ ದನಿ ಪೆಟಗಿನs ತಗೀತಾರಂತ. ಆಮ್ಯಾಲ ಮಾತಿಲ್ಲ.”

ಗುಂಡಿಯ ಮೇಲಿನ ಕೈ ತೆಗೆದು ಅವರ ಕಡೆ ತಿರುಗಿದೆ. ಅವರೇ ಮುಂದುವರಿಸಿದರು.

“ನಾಳಿ ಗುರುವಾರ ಕರಜಗಿಗಿ ಹೋಗ್ತೀವಿ. ಬಿರೋಬಾನ ಮುಂದ ಒಂದ ಡೊಳ್ಳಿನ ಪದಾ ಹಾಡಿ ಬರ್ತೀನಿ ಅಂದಾರ. ಸಣ್ಣಾಂವ ಇದ್ದಾಗಿಂದ ಹಾಡ್ಯಾರ. ಕಡೀ ಸಲ. ಅಲ್ಲೀತನಕಾ ಅವರ ಬಾಯಿ ಬಿಡಸಬ್ಯಾಡ ನೀ.”

ಇಲ್ಲಿ ನಾನು ಏನು ಹೇಳಿದೆನೆಂದು ಬರೆಯಲೇಬೇಕು. ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

“ಕಾಕು, ಶನಿವಾರ ಮಧ್ಯಾನಕ್ಕ ಮುಗಸ್ತೀನಿ. ರವಿವಾರ ಮುಂಜಾನಿ ನಾನs ಗಾಡಿ ಮಾಡಿ ಕರ್ಕೊಂಡ ಹೋಗ್ತೀನಿ, ಎಸ್‌ಟಿಯಾಗ ಕುಲುಕಾಡೂದ ಬ್ಯಾಡ. ಗುರುವಾರ ಹಾಡಿದ್ರೇನು, ರವಿವಾರ ಹಾಡಿದ್ರೇನು? ದೇವರು ಎಲ್ಲಿ ಹೋಗ್ತಾನ?”

“ದೇವರು ಹೋಗಂಗಿಲ್ಲವಾ,” ಎಂದರು ಕಾಕು. “ದನಿ ಹೋಗ್ತದ.”

ಅಷ್ಟರಲ್ಲಿ ಕಾಕಾನೇ ಬಂದರು. ಕೆಂಪು ಸುತ್ತುಗಳ ಕಾಗದ ಹಿಂದಿನ ದಿನವೇ ಅವರಿಗೆ ತೋರಿಸಿದ್ದೆ. ಅದು ನನ್ನ ಇನ್ನೊಂದು ತಪ್ಪು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ. “ತಪ್ಪ ನನ್ನ ಬಾಯಿದು,” ಎಂದರು, ಗಾಳಿಯೇ ಹೆಚ್ಚಿದ್ದ ದನಿಯಲ್ಲಿ. “ನಾನs ತಿದ್ದತೀನಿ. ಆ ಪೋರಿಗೋಳು ನನ್ನ ಮಾತ ಕಲತು ಅಲ್ಲಿ ಹೋಗಿ ನಗಿಗೀಡ ಆಗೂದ ಬ್ಯಾಡ.”

ಗೆದ್ದೆ ಎಂದುಕೊಂಡೆ. ಎದುರಿನವರು ತಾವಾಗಿ ಒಪ್ಪಿದರೆ ಸುಮ್ಮನಾಗಬೇಕು ಎಂಬುದು ನಾನು ಕಲಿತ ವ್ಯಾಪಾರ. ಸುಮ್ಮನಾದೆ. ಕಾಕು ಎದ್ದು ಹೋದರು.

ಗುರುವಾರ, ಶುಕ್ರವಾರ, ಶನಿವಾರ… ಅವರು ಬಾಯಿ ಅಗಲಿಸಿ, ಕೊರಳ ನರ ಉಬ್ಬಿಸಿ, ಕೊನೆಯ ‘ಎ’ಯನ್ನು ಹೊರಗೆ ತಳ್ಳುತ್ತಿದ್ದರು. ಮುನೆ. ಹೊನೆ. ಕಜೆ. ನನಗೆ ಅನುಮಾನ ಬಂದರೆ “ಇನ್ನೊಮ್ಮಿ ಅನ್ರಿ ಕಾಕಾ” ಎನ್ನುತ್ತಿದ್ದೆ. ಇನ್ನೊಮ್ಮೆ ಅನ್ನುತ್ತಿದ್ದರು. ಶುಕ್ರವಾರ ಮಧ್ಯಾಹ್ನ ದನಿ ಪಿಸುಮಾತಾಯಿತು. ನಾನು ಕುರ್ಚಿ ಸರಿಸಿ ಅವರ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡೆ. ದನಿ ಎಂಬ ಪದ ಆ ಪಾಠಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುದುಕರಿಗೆ ದನಿ ಕೊಟ್ಟು ಎಬ್ಬಿಸಿ, ದನಿ ಕೊಟ್ಟು ಮೈ ಮುಟ್ಟಿ, ದನಿ ಬರದಿದ್ದರೆ ಡಾಕ್ಟರಿಗೆ ಹೇಳಿ. ಅದನ್ನು ಒಮ್ಮೆ ಹೇಳಿದರೆ ಸಾಕು, ಉಳಿದ ಕಡೆ ನಾನೇ ತಿದ್ದುತ್ತೇನೆ ಎಂದೆ. ಅವರು ಕೇಳಲಿಲ್ಲ. ಬಂದಲ್ಲೆಲ್ಲ ಹೇಳಿದರು. ಕೊಯೆ. ಕೊಯೆ.

ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ‘ಎ’ ಇದ್ದರೆ ಬೆರಳು ಎತ್ತಿ, ‘ಇ’ ಇದ್ದರೆ ಮುಷ್ಟಿ ಹಿಡಿಯಿರಿ ಎಂದು ನಾನು ಹೇಳಿದ್ದರೆ, ಒಂದು ಮಾತಿನ ಖರ್ಚಿಲ್ಲದೆ ಆ ಮೂರು ದಿನದ ಕೆಲಸ ಆಗಿಹೋಗುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಇಷ್ಟು ಸಣ್ಣ ಯುಕ್ತಿ ನನಗೆ ಹೊಳೆದದ್ದು ಅವರ ಆಪರೇಷನ್ ಆಗಿ ಎಂಟು ದಿನಕ್ಕೆ, ಭಾಂಡಿ ತಿಕ್ಕುತ್ತಿದ್ದಾಗ. ಬಚ್ಚಲಲ್ಲಿ ತಿಕ್ಕಿದ ತಟ್ಟೆಯನ್ನೇ ಮತ್ತೆ ಮತ್ತೆ ತಿಕ್ಕಿದೆ.

ರವಿವಾರ ಮಾತಿನಂತೆ ಗಾಡಿ ಮಾಡಿದೆ. ದಾರಿಯ ಕುಂಭಾರಿ ಊರು ದಾಟುವವರೆಗೂ ಕಾಕು ನನ್ನ ಕಡೆ ನೋಡಲಿಲ್ಲ. ಕಾಕಾ ಕಡ್ಡಿ ಜಗಿಯುತ್ತ, ದನಿ ಉಳಿಸಿಕೊಳ್ಳಲು ಎರಡೂ ತುಟಿ ಬಿಗಿಹಿಡಿದು ಕೂತಿದ್ದರು. ಕರಜಗಿಯ ಹೊರಗೆ ಬಿರೋಬಾನ ಗುಡಿಯಲ್ಲಿ ಅವರ ವಾರಿಗೆಯ ನಾಲ್ಕು ಜನ ಡೊಳ್ಳು ಕಟ್ಟಿಕೊಂಡು ಕಾಯುತ್ತಿದ್ದರು. ಅವರಲ್ಲೊಬ್ಬರು, “ಏನೋ ಜಪಾನಿ, ದೇವರ್ನ ಎಷ್ಟ ಹೊತ್ತ ಕಾಯಸ್ತಿ?” ಎಂದು ಚೇಷ್ಟೆ ಮಾಡಿದರು. ಕಾಕಾ ನಕ್ಕು ಹೆಗಲ ಕಂಬಳಿ ಸರಿಮಾಡಿಕೊಂಡರು, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡರು, ಒಂದು ಕೈ ಕಿವಿಗಿಟ್ಟರು.

ಡೊಳ್ಳು ಸುರುವಾಯಿತು. ಅವರು ಬಾಯಿ ತೆರೆದರು.

ಗಾಳಿ ಬಂತು. ಬರೀ ಗಾಳಿ. ಡೊಳ್ಳಿನವರು ಮತ್ತೊಂದು ಸುತ್ತು ಬಾರಿಸಿ ಜಾಗ ಕೊಟ್ಟರು. ಮತ್ತೆ ತೆರೆದರು. ಕೊರಳಿನ ನರ ಉಬ್ಬಿದವು. ಅಂಗಡಿಯಲ್ಲಿ ಮೂರು ದಿನ ನಾನು ಹತ್ತಿರದಿಂದ ಕಂಡಿದ್ದ ಅವೇ ನರಗಳು… ಏನೂ ಬರಲಿಲ್ಲ. ಮೂರನೆಯ ಸುತ್ತಿಗೆ ಡೊಳ್ಳು ತಾನಾಗಿ ನಿಂತಿತು. ಚೇಷ್ಟೆ ಮಾಡಿದವರು ಹತ್ತಿರ ಬಂದು ಅವರನ್ನು ತಬ್ಬಿ ಹಿಡಿದರು. “ಇರಲಿ ಬಿಡೋ. ಅಂವ ಕೇಳ್ಯಾನ. ಅಂವಗ ಗೊತ್ತದ.” ಕಾಕು ದೇವರ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ನನ್ನ ಕಡೆ ನೋಡಿದರು.

ಸೋಮವಾರ ಆಪರೇಷನ್ ಆಯಿತು. ನೋಡಲು ಹೋದಾಗ ಕಾಕಾ ಪಾಟಿ ತೆಗೆದುಕೊಂಡು ಮರಾಠಿ ಅಕ್ಷರದಲ್ಲಿ ಬರೆದರು: ‘ಪಾಸ್?’ ಪುಣೆಯವರು ಪುಟಗಳನ್ನು ಒಪ್ಪಿದರೇ ಎಂದು ಕೇಳುತ್ತಿದ್ದರು. ಪಾಸ್ ಎಂದು ತಲೆಯಾಡಿಸಿದೆ. ಹೌದು, ಒಂದು ತಪ್ಪೂ ಉಳಿದಿರಲಿಲ್ಲ. ಮುಖದಲ್ಲಿ ಎಂಥ ಹಿಗ್ಗು! ಮುಂದಿನ ವರ್ಷ ಗಂಟಲಿನ ಕ್ಯಾನ್ಸರ್ ಎದೆಗೆ ಇಳಿಯಿತು, ಕಾಕಾ ತೀರಿಕೊಂಡರು. ಆಮೇಲೆ ಕಾಕು ಸೊಲ್ಲಾಪುರದ ಮನೆ ಬಿಟ್ಟು ಕರಜಗಿಗೆ ಹೋದರು. ಮಕ್ಕಳಿರಲಿಲ್ಲ. ನಾನು ಆ ಕಡೆ ಹೋಗಲಿಲ್ಲ. ಮುಂದಿನ ಪುಸ್ತಕಗಳು ಬಂದವು, ಉಚ್ಚಾರ ಹೇಳುವವರಿಲ್ಲದೆ ಎರಡನೆಯದರಲ್ಲೇ ನಿಂತವು.

ಕಳೆದ ವಾರ ಆ ವಾಸನೆಯ ಮುಂದೆ ಚೌಕಾಸಿ ಬಿಟ್ಟ ಮೇಲೆ, ಅಕ್ಕಲಕೋಟೆಯಿಂದ ಸೊಲ್ಲಾಪುರದ ಬಸ್ಸು ಹತ್ತದೆ ಕರಜಗಿಯ ಬಸ್ಸು ಹತ್ತಿದೆ.

ಕಾಕು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಗುರುತು ಹಿಡಿದರು. ನೀರು ಕೊಟ್ಟರು. ಕ್ಷಮಾ ಮಾಡ್ರಿ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರೇ ಮೊದಲು ಕೇಳಿದರು.

“ಯವ್ವಾ, ಅಷ್ಟ ದಿನಾ ನಿನ್ನ ಮಷಿನ್ ಮುಂದ ಕುಂತು ಮಾತಾಡ್ಯಾರ. ಅದರಾಗ ಅವರ ದನಿ ಉಳದದೇನು?”

“ಇಲ್ಲರಿ ಕಾಕು. ನಾನು ಬರಕೊಂಡೀನಿ ಅಷ್ಟs. ತುಂಬಿಟ್ಟಿಲ್ಲ.”

ಮನೆಯಲ್ಲಿ ಯಾರಿಗಾದರೂ ಗಂಟಲಿನ ಆಪರೇಷನ್ ಎಂದರೆ, ಓದುವವರೇ, ಬೇರೆಲ್ಲಕ್ಕೂ ಮೊದಲು ಫೋನಿನಲ್ಲಿ ಅವರ ದನಿ ತುಂಬಿಟ್ಟುಕೊಳ್ಳಿ. ಬೈಯುವುದಾದರೂ ಸರಿ, ಹಾಲಿನವನ ಜೊತೆ ಜಗಳವಾದರೂ ಸರಿ. ಕೈಯಲ್ಲಿ ಫೋನಿತ್ತು, ಮುಂದೆ ಕಂಪ್ಯೂಟರಿತ್ತು, ತಿಂಗಳುಗಟ್ಟಲೆ ಆ ದನಿ ಕಿವಿಯಲ್ಲಿತ್ತು. ನನಗೆ ಹೊಳೆಯಲಿಲ್ಲ.

“ಬರಕೊಂಡದ್ದನ್ನರೆ ಓದು ಹಂಗಾರ,” ಎಂದರು ಕಾಕು.

ಫೋನಿನಲ್ಲಿ ಆ ಪುಟ ತೆರೆದೆ. ಇವತ್ತಿಗೂ ಇದೆ ಅದು, ಯಾರು ಬೇಕಾದರೂ ನೋಡಬಹುದು. ದೊಡ್ಡ ಅಕ್ಷರಗಳ ಮೇಲೆ ನಾವು ಕಟ್ಟಿದ ಸಣ್ಣವು ಒಂದೂ ಅಲುಗದೆ ಕೂತಿವೆ. ಓದಿದೆ. ಮುನೆ. ಹೊನೆ. ತ್ಸುಮೆ. ಕೊಯೆ.

ಕಾಕು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಹತ್ತಿಪ್ಪತ್ತು ಪದ ಆದ ಮೇಲೆ ತಲೆಯಾಡಿಸಿದರು.

“ಅವರು ಹಂಗ ಅಂತಿದ್ದಿಲ್ಲ.”

ನಲವತ್ತು ವರ್ಷ ಅಂಗಳದಲ್ಲಿ ಕೇಳಿದ ಕಿವಿ ಅದು. ಅರ್ಥ ಗೊತ್ತಿಲ್ಲ, ನಾದ ಗೊತ್ತು. ನಾನು ಅವಸರದಿಂದ ಎಲ್ಲವನ್ನೂ ‘ಇ’ ಮಾಡಿ ಹೇಳತೊಡಗಿದೆ. ಮುನಿ, ಹೊನಿ, ಕೊಯಿ… ಕಾಕು ಕೈ ಅಡ್ಡ ಮಾಡಿದರು. “ಈಗ ನೀ ನಕಲ ಮಾಡಾಕತ್ತಿ. ಬಿಡು.” ಸಿಟ್ಟಿರಲಿಲ್ಲ. ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ ಅರ್ಥವಾಯಿತು. ಆ ಮೊದಲಿನ ಪುಟಗಳಲ್ಲಿ ಕಾಕಾನ ಬಾಯಿ ಇತ್ತು. ಎಲ್ಲಿ ಅವರು ಇಳಿಸಿದರು, ಎಲ್ಲಿ ಎಳೆದರು, ಎಲ್ಲಿ ನುಂಗಿದರು, ಕೇಳಿದಂತೆಯೇ ಬರೆದಿದ್ದೆ. ಅದನ್ನೇ ಮೂರು ದಿನ ಕೂತು, ಅವರಿಂದಲೇ ಅಳಿಸಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿದ್ದೆ. ಕೆಂಪು ಸುತ್ತಿನ ಕಾಗದಗಳನ್ನು ರದ್ದಿಗೆ ಹಾಕಿದ್ದೆ.

ಅಲ್ಲಿಂದಲೇ ಪುಣೆಯ ಮೇಡಮ್‌ಗೆ ಫೋನು ಮಾಡಿದೆ. ವರ್ಷಗಳಾಗಿದ್ದವು, ಆದರೂ ಗುರುತಿಸಿದರು. ನಾವು ಮೊದಲು ಕಳಿಸಿದ್ದ ಪುಟಗಳು ಬೇಕು, ತಿದ್ದುವ ಮೊದಲಿನವು, ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಾದರೂ ಇರಬಹುದು ಎಂದೆ. ಅವರು ನಕ್ಕರು.

“ಚುಕೀಚೀ ಕಾಪಿ ಕೋಣ ಠೇವತಂ, ತಾಈ?” ತಪ್ಪಿದ್ದ ಪ್ರತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಬಸ್ಸು ಬಂತು, ನಿಂತಿತು, ಕಂಡಕ್ಟರ್ ಎರಡು ಸಲ ಕೂಗಿ ಗಂಟೆ ಹೊಡೆದ. ನಾನು ಹತ್ತಲಿಲ್ಲ. ಕೇಳಿದ ವಸ್ತು ಇಲ್ಲವೆಂದರೆ ಮುಖ ತಿರುಗಿಸಿ ನಡೆದುಬಿಡಬೇಕು, ಬೇಕೇ ಬೇಕೆಂಬ ಗರಜು ತೋರಿಸಬಾರದು ಎಂದು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಡಮ್ ಬಳಿ ಅದನ್ನೇ ಇನ್ನೊಮ್ಮೆ ಕೇಳಿದೆ.